ಫಲಕ ಓದುವ ಕಾರು

ಈಚಿನ ಕೆಲವು ಕಾರುಗಳ ಮುಂಗಾಜಿನ ಹಿಂದೆ ಪುಟ್ಟ ಕ್ಯಾಮರಾ ಇರುತ್ತದೆ. ರಸ್ತೆಬದಿಯ ಕೆಂಪು ವೃತ್ತದೊಳಗಿನ ಅಂಕಿಯನ್ನು ಓದಿ ಅದು ಚಾಲಕನಿಗೆ ತೋರಿಸುತ್ತದೆ. ಯುರೋಪ್ ಒಕ್ಕೂಟದಲ್ಲಿ, ಕ್ಯಾಮರಾ ಇಲ್ಲವೆ ನಕ್ಷೆಯ ನೆರವಿನಿಂದ ವೇಗಮಿತಿ ತಿಳಿಸುವ ಏರ್ಪಾಡು 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ನಮ್ಮಲ್ಲಿ 2019ರಿಂದ ಕಡ್ಡಾಯವಾಗಿರುವುದು ಬರಿಯ ಗಂಟೆ: 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ. ಗಲ್ಲಿಯೋ ಹೆದ್ದಾರಿಯೋ ಅದಕ್ಕೆ ತಿಳಿಯದು. ಅದಕ್ಕಿಂತ ಈ ಕಣ್ಣು ಮೇಲೆಂದು ಒಪ್ಪೋಣ.

ಆದರೆ ಓದಲು ಫಲಕ ಕಾಣಬೇಕಲ್ಲ! ನಮ್ಮಲ್ಲಿ ಅದು ಮರದ ಕೊಂಬೆಯ ಹಿಂದೆಯೋ, ಯಾರದೋ ಹುಟ್ಟುಹಬ್ಬದ ಬ್ಯಾನರಿನ ಮರೆಯಲ್ಲೋ ಇರುತ್ತದೆ. ಕೆಲವೆಡೆ ಕಾರಿಗೊಂದು, ಲಾರಿಗೊಂದು ಅಂಕಿ. ಮುಂದಿನ ಲಾರಿಯ ಬೆನ್ನಿಗೆ ಬರೆದ 40ನ್ನೇ ಯಂತ್ರವು ರಸ್ತೆಯ ಮಿತಿಯೆಂದು ಓದಿದರೆ ಅದನ್ನು ದೂರಿ ಫಲವಿಲ್ಲ. ಇದಕ್ಕಾಗಿ ಹೆಚ್ಚು ಹಣ ತೆರುವುದು ನನಗಂತೂ ಒಪ್ಪಿಗೆಯಿಲ್ಲ.

ಊರಿನಿಂದ ಪುಣೆಗೆ ಮರಳುವ ನಮಗೆಲ್ಲ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಪರಿಚಿತ. 2022ರ ನವೆಂಬರಿನಲ್ಲಿ ಅಲ್ಲಿ ಲಾರಿಯೊಂದು ಹತ್ತಾರು ವಾಹನಗಳನ್ನು ಜಜ್ಜಿತು. 2025ರ ನವೆಂಬರಿನಲ್ಲಿ ಎಂಟು ಮಂದಿ ಸತ್ತರು. ಆ ಬಳಿಕ ಪೊಲೀಸರು ವೇಗಮಿತಿ ಇಳಿಸಿದರು. ನಕ್ಷೆ ನಂಬಿದ ಕಾರು, ನಕ್ಷೆ ತಿದ್ದುವವರೆಗೆ ಹಳೆಯ ಅಂಕಿಯನ್ನೇ ತೋರಿಸೀತು. ಇನ್ನು, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿದುಬರುವ ಲಾರಿ ಇರುವುದು ನಮ್ಮ ಬೆನ್ನ ಹಿಂದೆ. ಫಲಕ ಓದುವ ಕ್ಯಾಮರಾ ನೋಡುವುದು ಮುಂದಕ್ಕೆ.