ಚಿಲಕ ಯಾವ ಕಡೆಗಿದೆ?

ಮನೆಯ ಹೊಸ್ತಿಲು ದಾಟಲು ಹೆದರುವ ಒಬ್ಬ ಹೆಣ್ಣು, ಹೊರಗೆ ಯಾರದೋ ಹೆಜ್ಜೆ ಸಪ್ಪಳ, ಕಿಟಕಿಯಾಚೆ ಒಂದು ನೆರಳು. ಮನೋವೈಜ್ಞಾನಿಕ ಥ್ರಿಲ್ಲರ್ ಎಂದು ಕರೆಯುವ ಎಷ್ಟೋ ಚಿತ್ರಗಳಿಗೆ ಇಷ್ಟಿದ್ದರೆ ಸಾಕು. ಇಂಥ ಚಿತ್ರಗಳಿಗೆ 'ಅಗೊರಫೋಬಿಯಾ' ಎಂಬ ಕಾಯಿಲೆ ಬಹಳ ಅನುಕೂಲವಾಗಿ ಒದಗಿದೆ. ಅಗೊರಾ ಎಂದರೆ ಗ್ರೀಕ್ ಭಾಷೆಯಲ್ಲಿ ಸಂತೆ, ಜನ ಸೇರುವ ಬಯಲು. ಜರ್ಮನಿಯ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲಿ ಈ ಹೆಸರಿಟ್ಟ. ಆಗ ಅವನು ವಿವರಿಸಿದ ಮೂವರು ರೋಗಿಗಳೂ ಗಂಡಸರು. ಸಿನಿಮಾದವರ ಕೈಗೆ ಬಂದ ಮೇಲೆ ಇದು ಹೆಚ್ಚಾಗಿ ಹೆಂಗಸರ ಕಾಯಿಲೆಯಾಯಿತು. ಅಮೆರಿಕದ 'ಕಾಪಿಕ್ಯಾಟ್' (1995) ಇರಲಿ, 'ದಿ ವುಮನ್ ಇನ್ ದಿ ವಿಂಡೋ' (2021) ಇರಲಿ, ಬಾಗಿಲ ಹಿಂದೆ ನಡುಗುವವಳು ಹೆಣ್ಣೇ.

ಹಿಂದಿಯಲ್ಲಿ ಪವನ್ ಕೃಪಲಾನಿ ನಿರ್ದೇಶಿಸಿದ 'ಫೋಬಿಯಾ' (2016) ಬಂತು. ರಾಧಿಕಾ ಆಪ್ಟೆ ಇಲ್ಲಿ ಚಿತ್ರಕಲಾವಿದೆ. ರಾತ್ರಿ ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಅವಳ ಮೇಲೆ ದಾಳಿಯಾಗುತ್ತದೆ. ಆಮೇಲೆ ಅವಳು ಹೊರಗೆ ಕಾಲಿಡಲಾರಳು. ಆಪ್ಟೆಯವರ ಅಭಿನಯ ನಮ್ಮನ್ನೂ ಉಸಿರು ಬಿಗಿಹಿಡಿಯುವಂತೆ ಮಾಡುತ್ತದೆ. ಆದರೆ ಚಿತ್ರ ಮುಂದುವರಿದಂತೆ ಆ ಟ್ಯಾಕ್ಸಿ ಹಿಂದೆ ಸರಿಯುತ್ತದೆ. ಅವಳು ಕಾಣುತ್ತಿರುವುದು ನಿಜವೋ ಭ್ರಮೆಯೋ ಎಂಬ ಒಗಟೇ ದೊಡ್ಡದಾಗುತ್ತದೆ. ಭಯ ಹುಟ್ಟಿದ್ದು ಬೀದಿಯಲ್ಲಿ, ತನಿಖೆ ನಡೆಯುವುದು ಅವಳ ತಲೆಯೊಳಗೆ.

ನಮ್ಮ ಸೊರಬದಲ್ಲಿ ನಾನು ಬಲ್ಲ ಒಬ್ಬ ಹಿರಿಯ ಹೆಣ್ಣುಮಗಳಿದ್ದಾರೆ, ಖಾಲಾ ಎಂದು ಕರೆಯುತ್ತೇವೆ. ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷ ಅವರು ಪೇಟೆಯ ಮುಖ ನೋಡಿದವರಲ್ಲ. "ನಮ್ಮ ಬಹೂ ಹೊಸ್ತಿಲು ದಾಟಿದವಳಲ್ಲ" ಎಂದು ಅತ್ತೆ ಮನೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಷರಾಫತ್ ಎಂಬ ಹೆಸರಿತ್ತು. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕಾಗಿ ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಹೋಗಬೇಕಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಎದೆ ಡವಡವ, ಕೈಕಾಲು ತಣ್ಣಗೆ. ಅದೇ ಮನೆಯವರು ಈಗ ತಾಯತ ಕಟ್ಟಿಸಿದರು, ಆಮೇಲೆ ಶಿವಮೊಗ್ಗಕ್ಕೆ ಮನೋವೈದ್ಯರಲ್ಲಿಗೆ ಕರೆದೊಯ್ದರು. ಮೂವತ್ತು ವರ್ಷ ಗುಣವೆನಿಸಿಕೊಂಡದ್ದು ಒಂದು ಸಹಿಯ ಅಗತ್ಯ ಬಿದ್ದ ದಿನ ರೋಗವೆನಿಸಿತು. ವೈದ್ಯರ ಚಿಕಿತ್ಸೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಚಿತ್ರಗಳನ್ನು ನೋಡುವಾಗ ನನಗೆ ಏಳುವ ಪ್ರಶ್ನೆ ಒಂದೇ: ಚಿಲಕ ಬಾಗಿಲಿನ ಯಾವ ಕಡೆಗಿದೆ? ಅವಳೇ ಹಾಕಿಕೊಂಡದ್ದೋ, ಹೊರಗಿನಿಂದ ಹಾಕಿದ್ದೋ?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಚಿತ್ರ ಥ್ರಿಲ್ಲರ್ ಅಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ' ಅದು. ಕಲ್ಪನಾ ಅಭಿನಯದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆಯ ಬಾಗಿಲು ತೆರೆದರೂ ಮನೆಯ ಬಾಗಿಲು ತೆರೆಯುವುದಿಲ್ಲ. ಗಂಡ ಬೇರೊಬ್ಬಳ ಕಡೆ ವಾಲಿದ್ದಾನೆ, ಸುತ್ತಲಿನವರ ಕಣ್ಣಿಗೆ ಅವಳು ಇನ್ನೂ ಹುಚ್ಚಿಯೇ. ಹಾಗೆ ನೋಡಿ ನೋಡಿಯೇ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ. ಪಂಜರ ಹೆಣೆದವರು ಯಾರೆಂದು ಪುಟ್ಟಣ್ಣ ಒಬ್ಬೊಬ್ಬರನ್ನೇ ತೋರಿಸುತ್ತಾರೆ.

ಮೂರು ದಶಕಗಳ ನಂತರ ಪಿ. ವಾಸು ಅವರ 'ಆಪ್ತಮಿತ್ರ' (2004) ಅಪಾರ ಜನಪ್ರಿಯವಾಯಿತು. ಅದರ ಮೂಲ ಮಲಯಾಳಂನ 'ಮಣಿಚಿತ್ರತ್ತಾಳ್' (1993). ಆ ಹೆಸರಿನ ಅರ್ಥವೇ ಚಿತ್ತಾರದ ಬೀಗ. ಬೀಗ ತೆಗೆದ ಗಂಗಾ ನಾಗವಲ್ಲಿಯಾಗುತ್ತಾಳೆ, ಮನೋವೈದ್ಯನೊಬ್ಬ ಜಾಣ್ಮೆಯಿಂದ ಅವಳನ್ನು ಗುಣಪಡಿಸುತ್ತಾನೆ. ಸೌಂದರ್ಯ ಅವರ ನಟನೆ ಮರೆಯುವಂಥದ್ದಲ್ಲ. ಆದರೂ ನರ್ತಕಿಯೊಬ್ಬಳನ್ನು ಅರಮನೆಯಲ್ಲಿಟ್ಟು ಕೊಂದ ರಾಜನ ಅಪರಾಧ ಇಲ್ಲಿ ಮೈನವಿರೇಳಿಸುವ ಹಿನ್ನೆಲೆಯಾಗಿ ಮುಗಿದುಹೋಗುತ್ತದೆ. ಅದೇ ವರ್ಷ ಗಿರೀಶ್ ಕಾಸರವಳ್ಳಿಯವರು ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ 'ಹಸೀನಾ' ಮಾಡಿದರು. ಗಂಡ ಬಿಟ್ಟುಹೋದ ಹೆಣ್ಣು ಮಕ್ಕಳೊಂದಿಗೆ ಮಸೀದಿಯ ಮುಂದೆ ಕೂತು ನ್ಯಾಯ ಕೇಳುತ್ತಾಳೆ. ಇಲ್ಲಿ ದೆವ್ವವಿಲ್ಲ, ಒಗಟಿಲ್ಲ. ಆದರೂ ಅವಳು ಹೊಸ್ತಿಲಿನಿಂದ ಮಸೀದಿಯ ಅಂಗಳಕ್ಕೆ ನಡೆಯುವ ದೂರದಲ್ಲಿ ಯಾವ ಥ್ರಿಲ್ಲರ್‌ಗೂ ಕಡಿಮೆಯಲ್ಲದ ಆತಂಕವಿದೆ.

ಭಯದ ಚಿತ್ರವೊಂದು ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲದೆ? ಬಾಬಕ್ ಅನ್ವರಿಯ ಪಾರ್ಸಿ ಭಾಷೆಯ 'ಅಂಡರ್ ದಿ ಶ್ಯಾಡೋ' (2016) ಹಿಡಿದಿದೆ. ಇರಾನ್-ಇರಾಕ್ ಯುದ್ಧದ ಕಾಲದ ಟೆಹರಾನ್. ವೈದ್ಯಕೀಯ ಓದು ಮುಂದುವರಿಸಲು ಅನುಮತಿ ಸಿಗದ ಶಿದೆ, ಪುಟ್ಟ ಮಗಳೊಡನೆ ಕ್ಷಿಪಣಿ ಬಿದ್ದ ಕಟ್ಟಡದಲ್ಲಿದ್ದಾಳೆ. ಮನೆಯೊಳಗೆ ಜಿನ್ ಇದೆಯೆಂಬ ಭಯ. ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದರೆ ತಲೆಗೆ ಬಟ್ಟೆಯಿಲ್ಲವೆಂದು ಕಾವಲಿನವರು ಹಿಡಿಯುತ್ತಾರೆ, ಚಾದರ ಹೊದಿಸಿ ಅದೇ ಮನೆಗೆ ಕಳಿಸುತ್ತಾರೆ. ಚಿಲಕ ಎರಡೂ ಕಡೆ. ಜಿನ್‌ಗೆ ಚಾದರದ ರೂಪ ಕೊಟ್ಟದ್ದರಿಂದ, ನಮ್ಮ ಉಡುಪನ್ನೇ ಭೂತವೆಂದು ನೋಡುವವರಿಗೆ ಅನುಕೂಲವಾಯಿತೇನೋ ಎಂಬ ಅಳುಕು ನನಗುಂಟು. ಆದರೆ ಶಿದೆಯ ಸಂಕಟ ನಮಗೆ ದೂರದ್ದಲ್ಲ. ಅಲ್ಲಿ ತಲೆಗೆ ಬಟ್ಟೆಯಿಲ್ಲವೆಂದು ತಡೆದರು. 2022ರಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನಲ್ಲಿ ತಲೆಗೆ ಬಟ್ಟೆಯಿದೆಯೆಂದು ನಮ್ಮ ಹುಡುಗಿಯರನ್ನು ತಡೆದರು. ಎರಡು ಕಡೆಯೂ ಹುಡುಗಿಗೆ ಸಿಕ್ಕ ಆದೇಶ ಒಂದೇ, ಮನೆಗೆ ಹೋಗು ಎಂಬುದು.

ಕನ್ನಡದಲ್ಲಿ ಈಗ ಥ್ರಿಲ್ಲರ್ ಮಾಡುವವರಿಗೆ ಕತ್ತಲ ಕೋಣೆ, ಕಿರುಗುಟ್ಟುವ ಬಾಗಿಲು ಚೆನ್ನಾಗಿ ಒಲಿದಿವೆ. ವಿಧವಾ ವೇತನದ ಸಾಲಿನಲ್ಲಿ ನಿಲ್ಲಲಾರದ ಹೆಂಗಸಿನ ಎದೆಬಡಿತವನ್ನೂ ಅವರು ಕೇಳಿಸಿಕೊಳ್ಳಬೇಕು. ಆ ಕಥೆಯನ್ನು ಅವರಿಗೆ ಒದಗಿಸುವ ಹೊಣೆ ನಮ್ಮಂಥ ಕಥೆಗಾರರದು. ಆ ಬಾಗಿಲುಗಳ ಒಳಮನೆ ನಮಗೆ ಗೊತ್ತು, ಚಿಲಕ ಹಾಕಿದವರೂ ಗೊತ್ತು.