ಲೇಖಕಿಯರ ಕಾದಂಬರಿಗಳಲ್ಲಿ ಸ್ತ್ರೀಯ ಆದರ್ಶ

ಕನ್ನಡ ಲೇಖಕಿಯರ ಕಾದಂಬರಿಗಳನ್ನು ಕುರಿತು ವಿವೇಚಿಸುವವರು ಸಾಮಾನ್ಯವಾಗಿ ಒಂದು ಏರುದಾರಿಯನ್ನು ಕಲ್ಪಿಸಿಕೊಳ್ಳುತ್ತಾರೆ: ಮೊದಲ ತಲೆಮಾರಿನಲ್ಲಿ ವಿಧೇಯತೆ, ಎರಡನೆಯದರಲ್ಲಿ ಸಂಕಟ, ಮೂರನೆಯದರಲ್ಲಿ ಪ್ರತಿಭಟನೆ. ಕೃತಿಗಳನ್ನೇ ಮುಂದಿಟ್ಟುಕೊಂಡು ನೋಡಿದರೆ ಈ ವಿಭಾಗಕ್ರಮವು ಸಮರ್ಪಕವಲ್ಲವೆಂಬುದು ವೇದ್ಯವಾಗುತ್ತದೆ.

ನಂಜನಗೂಡು ತಿರುಮಲಾಂಬಾ (1887–1982) ಅವರ ‘ಸುಶೀಲೆ’ 1913ರಲ್ಲಿ ಪ್ರಕಟವಾಯಿತು. ಅದರ ನಾಯಿಕೆಗೆ ಪತಿಭಕ್ತಿಯೇ ಪರಮಧರ್ಮ. ಇಷ್ಟನ್ನೇ ಕಂಡು ಕೃತಿಯನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಒಳಗಾದ ಈ ಲೇಖಕಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿದರು. ತಮ್ಮ ನಾಯಿಕೆಗೆ ನೀಡದ ಕಾರ್ಯಕ್ಷೇತ್ರವನ್ನು ತಾವು ಸಂಪಾದಿಸಿಕೊಂಡರು.

ತ್ರಿವೇಣಿಯವರ (1928–1963) ‘ಶರಪಂಜರ’ದಲ್ಲಿ ಪ್ರಶ್ನೆಯು ನಡತೆಯಿಂದ ಮನಸ್ಸಿಗೆ ಸರಿಯುತ್ತದೆ. ಹೆರಿಗೆಯ ತರುವಾಯ ಮನೋರೋಗಕ್ಕೆ ತುತ್ತಾದ ಕಾವೇರಿ ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಅವಳ ಪ್ರತಿಯೊಂದು ಮಾತಿನಲ್ಲಿಯೂ ಸುತ್ತಲಿನವರಿಗೆ ಹುಚ್ಚೇ ಕಾಣುತ್ತದೆ. ತಾನು ಸ್ವಸ್ಥಳೆಂದು ಹೇಳುವ ಅಧಿಕಾರವೇ ಅವಳಿಗಿಲ್ಲ. ಇಲ್ಲಿ ಆದರ್ಶ ಪತ್ನಿಯ ಚಿತ್ರವು ಒಡೆದುಹೋಗಿದೆ. ಅದರ ಸ್ಥಾನಕ್ಕೆ ಮತ್ತೊಂದು ಬಂದಿಲ್ಲ.

ಎಂ. ಕೆ. ಇಂದಿರಾ (1917–1994) ವಯಸ್ಸಿನಲ್ಲಿ ತ್ರಿವೇಣಿಯವರಿಗಿಂತ ಹಿರಿಯರು. ಆದರೂ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ, ತ್ರಿವೇಣಿಯವರು ತೀರಿಕೊಂಡು 13 ವರ್ಷಗಳಾದ ಮೇಲೆ. ತಲೆಮಾರೆಂಬುದನ್ನು ಹುಟ್ಟಿದ ವರ್ಷದಿಂದ ಅಳೆಯಲಾಗದೆಂಬುದಕ್ಕೆ ಇದೇ ಸಾಕ್ಷಿ. ಬಾಲವಿಧವೆ ಫಣಿಯಮ್ಮ ಮಡಿ, ವ್ರತ, ಮಿತಾಹಾರಗಳಲ್ಲಿಯೇ ಬಾಳನ್ನು ಸವೆಸುತ್ತಾಳೆ; ಹೊರನೋಟಕ್ಕೆ ಅವಳು ಸುಶೀಲೆಗಿಂತಲೂ ಸಂಪ್ರದಾಯಸ್ಥಳು. ಆದರೆ ತರುಣ ವಿಧವೆ ದಾಕ್ಷಾಯಿಣಿ ಕೇಶಮುಂಡನವನ್ನು ನಿರಾಕರಿಸಿದಾಗ ಅವಳ ಪರವಾಗಿ ನಿಲ್ಲುವವಳು ಈ ವೃದ್ಧೆಯೇ. ತನ್ನ ಮೇಲೆ ಹೇರಿದ ಕಟ್ಟಳೆಯನ್ನು ಇನ್ನೊಬ್ಬಳ ಮೇಲೆ ಹೇರಲು ಅವಳು ಒಪ್ಪಳು. ಘೋಷಣೆಯಿಲ್ಲದ ಈ ಅಸಮ್ಮತಿಯನ್ನು ಪ್ರತಿಭಟನೆಯೆಂದು ಗಣಿಸದ ವಿಮರ್ಶೆಯ ಅಳತೆಗೋಲು ಕಿರಿದಾದುದು.

ಈ ಮೂರು ಕೃತಿಗಳಲ್ಲಿ ನಿಜವಾಗಿ ಬದಲಾದುದು ಯಾವುದು? ನಾಯಿಕೆ ಹೊಸ್ತಿಲು ದಾಟಿದಳೇ ಎಂಬುದು ಇಲ್ಲಿ ಮುಖ್ಯವಲ್ಲ. ಅವಳ ಒಳಿತು ಕೆಡುಕುಗಳನ್ನು ನಿರ್ಣಯಿಸುವವರು ಯಾರೆಂಬುದೇ ಮುಖ್ಯ. ‘ಸುಶೀಲೆ’ಯಲ್ಲಿ ಆ ಅಧಿಕಾರ ಪತಿಯದು, ‘ಶರಪಂಜರ’ದಲ್ಲಿ ನೆರೆಹೊರೆ ಬಂಧುಗಳದು, ‘ಫಣಿಯಮ್ಮ’ದಲ್ಲಿ ಅದು ಮೊದಲ ಬಾರಿಗೆ, ಒಬ್ಬಳ ಹಿತಕ್ಕಾಗಿ, ಇನ್ನೊಬ್ಬ ಹೆಂಗಸಿನ ಕೈಗೆ ಬರುತ್ತದೆ. ಲೇಖಕಿಯರ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಈ ಅಧಿಕಾರದ ಜಾಡನ್ನು ಹಿಡಿದರೆ, ಹಿಂದಿನವರನ್ನು ಹಿಂದುಳಿದವರೆಂದು ಬಗೆಯುವ ಅನ್ಯಾಯವು ತಪ್ಪೀತು.