ಬೇಸಿಗೆಯ ಪಾದಕ್ಕೆ ಕೊಲ್ಹಾಪುರಿ: ಎಷ್ಟು ಹಿತ, ಯಾರಿಗೆ ಹಿತ?

ಬಿಸಿಲೇರುತ್ತಿದ್ದಂತೆ ಅಂಗಡಿಗಳ ಮುಂದೆ ಕೊಲ್ಹಾಪುರಿ ಚಪ್ಪಲಿಗಳ ಗೊಂಚಲುಗಳು ತೂಗುತ್ತವೆ. ಸೀರೆಗೂ ಒಪ್ಪುತ್ತದೆ, ಜುಬ್ಬಾಕ್ಕೂ ಒಪ್ಪುತ್ತದೆ ಎಂದು ಕೊಳ್ಳುವವರೇ ಹೆಚ್ಚು. ಪಾದಕ್ಕೆ ಒಪ್ಪುತ್ತದೆಯೇ ಎಂದು ಕೇಳುವವರು ಕಡಿಮೆ. ಸೆಕೆ, ಬೆವರುಗಳ ಮಟ್ಟಿಗೆ ಇದಕ್ಕೆ ಸಾಟಿಯಾದ ಪಾದರಕ್ಷೆ ನಮ್ಮಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಕಾಂಕ್ರೀಟಿನ ಮೇಲೆ ನಿಲ್ಲುವ, ನಡೆಯುವ ಕಾಲಿಗೆ ಮಾತ್ರ ಅದೇ ಮಾತು ಹೇಳಲಾರೆ.

ಹೆಸರು ಕೊಲ್ಹಾಪುರದ್ದಾದರೂ ಕಸುಬು ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗದ ಸಮಗಾರ ಕುಟುಂಬಗಳದ್ದೂ ಹೌದು. 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನಿನಲ್ಲಿ ಮೂಲ ಹೇಳದೆ ಇದೇ ಮಾದರಿಯ ಚಪ್ಪಲಿ ತೋರಿಸಿದಾಗ ಎದ್ದ ಗದ್ದಲವೆಲ್ಲ ಅಂದದ ಬಗ್ಗೆ, ಹಕ್ಕಿನ ಬಗ್ಗೆ. ಅದು ನ್ಯಾಯವೇ. ಆದರೆ ಈ ಚಪ್ಪಲಿಯ ನಿಜವಾದ ಹೆಚ್ಚುಗಾರಿಕೆ ಇರುವುದು ತೊಗಲಿನ ಹದದಲ್ಲಿ.

ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳ ರಸದಲ್ಲಿ ದಿನಗಟ್ಟಲೆ ಇಟ್ಟು ಹದಮಾಡುತ್ತಾರೆ. ಅಟ್ಟೆಗೆ ದಪ್ಪನೆಯ ಎಮ್ಮೆ ತೊಗಲು. ಪದರದ ಮೇಲೆ ಪದರವಿಟ್ಟು ತೊಗಲಿನ ಎಳೆಯಿಂದಲೇ ಹೊಲಿಗೆ. ಎಲ್ಲೂ ಮೊಳೆ ಇಲ್ಲ. ಹೀಗೆ ಹದಗೊಂಡ ಚರ್ಮ ಹಗಲು ಬೆವರನ್ನು ಹೀರಿಕೊಂಡು, ರಾತ್ರಿ ಗಾಳಿಗಿಟ್ಟರೆ ಒಣಗಿಕೊಳ್ಳುತ್ತದೆ. ಮುಚ್ಚಿದ ಬೂಟಿನೊಳಗೆ ತೇವ ನಿಂತು ಬೆರಳ ಸಂದಿಗೆ ಹತ್ತುವ ಬೂಷ್ಟಿನ ತುರಿಕೆಗೆ ಇಲ್ಲಿ ಆಸ್ಪದ ಕಡಿಮೆ. ಕಾದ ಡಾಂಬರಿನ ಬಿಸಿ ಆ ದಪ್ಪ ಅಟ್ಟೆ ದಾಟಿ ಅಂಗಾಲು ಮುಟ್ಟಲು ಹೊತ್ತು ಬೇಕು. ಹವಾಯಿ ಚಪ್ಪಲಿಯಲ್ಲಿ ಬೆವರಿಗೆ ಪಾದ ಜಾರುತ್ತದೆ, ಜಾರದಂತೆ ಬೆರಳುಗಳನ್ನು ಮಡಚಿ ಹಿಡಿಯಬೇಕಾಗುತ್ತದೆ. ಮೀನಖಂಡ ಸೋಲುವುದು ಅದಕ್ಕೇ.

ಈ ಗುಣವೆಲ್ಲ ಅಸಲಿಗೆ ಮಾತ್ರ ಸಲ್ಲುತ್ತದೆ. ಪೇಟೆಯಲ್ಲಿ ಕೊಲ್ಹಾಪುರಿ ಎಂದು ಮಾರುವ ಎಷ್ಟೋ ಜೋಡುಗಳು ರೆಕ್ಸಿನ್ನಿನವು. ಆಕಾರ ಅದೇ, ಜಡೆ ಹೆಣೆದ ಬಾರೂ ಅದೇ, ಆದರೆ ಮಧ್ಯಾಹ್ನದ ಹೊತ್ತಿಗೆ ಪಾದ ಬೆಂದಂತಾಗುತ್ತದೆ. ಗುರುತಿಸುವುದು ಕಷ್ಟವಲ್ಲ. ಬಾರಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ತೊಗಲಾದರೆ ಮೇಲಿನಿಂದ ಕೆಳಗಿನವರೆಗೆ ನಾರುನಾರಾದ ಒಂದೇ ದಪ್ಪ ಕಾಣುತ್ತದೆ. ರೆಕ್ಸಿನ್ನಾದರೆ ಮೇಲೊಂದು ತೆಳು ಪ್ಲಾಸ್ಟಿಕ್ ಪೊರೆ, ಕೆಳಗೆ ಬಟ್ಟೆ. ಬಣ್ಣದ ಮೆರುಗು ಬಳಿಯದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟರೆ ತೊಗಲು ಕುಡಿದು ಕಪ್ಪಾಗುತ್ತದೆ, ರೆಕ್ಸಿನ್ನಿನ ಮೇಲೆ ಹನಿ ಹಾಗೇ ನಿಲ್ಲುತ್ತದೆ.

ಈಗ ಕೊರತೆಯ ಮಾತು. ಅಟ್ಟೆ ಚಪ್ಪಟೆ ಮತ್ತು ಗಟ್ಟಿ. ಅಂಗಾಲಿನ ನಡುಬಾಗಿಗೆ ಆಧಾರವಿಲ್ಲ, ಹಿಮ್ಮಡಿಗೆ ಮೆತ್ತೆಯಿಲ್ಲ. ಹೊಲದ ಮಣ್ಣು ಹೆಜ್ಜೆಗೆ ತಾನೇ ಒಂದಿಷ್ಟು ತಗ್ಗುತ್ತದೆ. ಗ್ರಾನೈಟ್ ನೆಲ ತಗ್ಗುವುದಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತೆ ನೋಯುವವರು ಇದನ್ನು ಹಾಕಿಕೊಂಡು ಅಂಗಡಿಯಲ್ಲೋ ತರಗತಿಯಲ್ಲೋ ದಿನವಿಡೀ ನಿಲ್ಲಬಾರದು. ಹಿಂದೆ ತೆರೆದಿರುವುದರಿಂದ ಹಿಮ್ಮಡಿ ಒಣಗಿ ಬಿರುಕು ಬಿಡುವುದೂ ಉಂಟು. ಹೊಸದರಲ್ಲಿ ಉಂಗುಷ್ಠ, ಅಂದರೆ ಹೆಬ್ಬೆರಳು ತೂರಿಸುವ ಕುಣಿಕೆ, ಬೆರಳನ್ನು ಕಚ್ಚುತ್ತದೆ. ಎಣ್ಣೆ ಸವರಿ, ಮೊದಲ ವಾರ ಮನೆ ಮಟ್ಟಿಗೆ ಹಾಕಿಕೊಂಡರೆ ಬಾರು ಸಡಿಲುತ್ತದೆ. ಆದ್ದರಿಂದ ಕೊಳ್ಳುವಾಗ ಬಾರು ತುಸು ಬಿಗಿಯಿದ್ದರೆ ಚಿಂತೆಯಿಲ್ಲ, ಉದ್ದ ಮಾತ್ರ ಕಡಿಮೆಯಾಗಬಾರದು. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ ಎರಡೂ ಕಾಲಿಗೆ ಹಾಕಿ, ನಿಂತು ನೋಡುವುದೇ ಸರಿ.

ಕಚ್ಚಿದ್ದು ಗೊತ್ತಾಗುವವರಿಗೆ ಇದೆಲ್ಲ ಸಣ್ಣ ತೊಂದರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಕುಂದಿದವರಿಗೆ ಹಾಗಲ್ಲ. ಉಂಗುಷ್ಠ ಉಜ್ಜಿ ಚರ್ಮ ಸುಲಿದರೂ, ಚಪ್ಪಲಿ ಕಳಚಿ ಕಾದ ನೆಲ ತಗುಲಿದರೂ ಅವರಿಗೆ ಅರಿವಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಹುಣ್ಣಾಗಿರುತ್ತದೆ. ಅವರಿಗೆ ವೈದ್ಯರು ಹೇಳುವುದು ಮೆದು ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಒಳಅಟ್ಟೆ, ಹಿಮ್ಮಡಿಯ ಹಿಂದೆ ಪಟ್ಟಿ, ಬೆರಳ ಸಂದಿಗೆ ಏನೂ ಇಲ್ಲದ ಚಪ್ಪಲಿ. ಅಂದಕ್ಕೆ ಮನಸೋತು ಇಲ್ಲಿ ರಾಜಿಯಾಗುವಂತಿಲ್ಲ.

ಸೆಕೆಗೆ ಇಷ್ಟು ಒಗ್ಗುವ ತೊಗಲು ನಮ್ಮಲ್ಲೇ ಇರುವಾಗ ಅದು ಗಟ್ಟಿಮುಟ್ಟಾದ ಕಾಲಿಗಷ್ಟೇ ದಕ್ಕುವುದು ನನಗೆ ಸರಿಕಾಣುವುದಿಲ್ಲ. ಅಥಣಿಯ ಕುಶಲಕರ್ಮಿಗಳ ಕೈಗೆ ಹಿಂಬದಿಯ ಪಟ್ಟಿ ಹೊಲಿಯುವುದು ದೊಡ್ಡ ಕೆಲಸವಲ್ಲ. ಸಾಂಪ್ರದಾಯಿಕ ಮಾದರಿಯನ್ನು ಹಾಗೇ ಉಳಿಸಿಕೊಂಡು, ಮೆದು ಒಳಅಟ್ಟೆ ಮತ್ತು ಹಿಂಬದಿ ಪಟ್ಟಿಯಿರುವ, ಉಂಗುಷ್ಠವಿಲ್ಲದ ಇನ್ನೊಂದು ಮಾದರಿಯನ್ನು ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್, ಪಾದತಜ್ಞರ ಸಲಹೆ ಪಡೆದು ಮಾಡಿಸಿ, ತನ್ನ ಮಳಿಗೆಗಳಲ್ಲಿ ಮಾರಾಟಕ್ಕಿಡಬೇಕು.